ಕೊನೆಯ ಸಾಲಿಲ್ಲದ ಯುಗಳಗೀತೆ

ಮೈಕು ಕೈಗೆ ಬಂದರೆ ನಾನು ಈಗಲೂ ಮೊದಲು ಅಂಗೈಯಿಂದ ಮುಟ್ಟುವುದಿಲ್ಲ. ಕೈಯ ಹಿಂಬದಿಯನ್ನು ಒಮ್ಮೆ ತಾಕಿಸಿ ನೋಡುತ್ತೇನೆ. ಕರೆಂಟು ಅಂಗೈಗೆ ಹೊಡೆದರೆ ಬೆರಳು ಮಡಚಿಕೊಂಡು ಹಿಡಿದುಬಿಡುತ್ತವೆ, ಹಿಂಬದಿಗೆ ಹೊಡೆದರೆ ಕೈ ತಾನೇ ದೂರ ಚಿಮ್ಮುತ್ತದೆ. ನಾನು ಕಲಿಸುವ ರಾಯಬಾಗದ ಕಾಲೇಜಿನಲ್ಲಿ ಹುಡುಗರಿಗೆ ಇದೊಂದು ನಗೆಯ ವಿಷಯ. ಸರ್ ಮೈಕಿಗೆ ಜ್ವರ ಬಂದೈತೇನು ನೋಡತಾರ ಅನ್ನುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಮೈಕನ್ನು ಪಕ್ಕಕ್ಕಿಟ್ಟು ಬರೀ ಗಂಟಲಲ್ಲಿ ಮಾತಾಡಿ ಇಳಿದು ಬರುತ್ತೇನೆ.

ಹೀಗೆ ಮುಟ್ಟಿ ನೋಡುವುದನ್ನು ನನಗೆ ಕಲಿಸಿದವರು ಕಳೆದ ತಿಂಗಳು ನಿಪ್ಪಾಣಿಯಲ್ಲಿ ತೀರಿಕೊಂಡರು. ಅವರನ್ನೇ ಆ ಕರೆಂಟು ಹಿಡಿದ ಮಧ್ಯಾಹ್ನ ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಆ ದಿನ ಅವರ ಜೀವ ಉಳಿಯಿತು. ಆದರೆ ಉಳಿದ ಆಯುಷ್ಯವನ್ನೆಲ್ಲ ಅವರು ಒಂದೇ ಒಂದು ವಸ್ತು ಹುಡುಕುವುದರಲ್ಲಿ ಕಳೆದರು. ತಾವು ಅವತ್ತು ಕಡೆಗೆ ಹಾಡಿದೆವೆಂದು ನಂಬಿದ್ದ ಒಂದು ಸಾಲು. ಅದು ನನ್ನ ಹತ್ತಿರ ಇದೆ ಎಂದು ಅವರು ತಿಳಿದಿದ್ದರು. ನನ್ನ ಹತ್ತಿರ ಇರಲಿಲ್ಲ.

ಅವರು ದರ್ಜಿ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಎರಡು ಹೊಲಿಗೆ ಯಂತ್ರಗಳಲ್ಲಿ ಒಂದರ ಮೇಲೆ ಅವರು, ಇನ್ನೊಂದರ ಮೇಲೆ ಅವರ ಹೆಂಡತಿ. ಊರಿಗೆಲ್ಲ ಅವರು ಅಣ್ಣಾ, ಆಕೆ ವೈನಿ, ಅಂದರೆ ಅತ್ತಿಗೆ. ತಂಬಾಕಿನ ಗೋದಾಮುಗಳ ಘಾಟು ಗಲ್ಲಿ ತುಂಬಿಕೊಳ್ಳುವ ದಿನಗಳಲ್ಲಿ ಗಿರಾಕಿಗಳು ಸೀನುತ್ತ ಅಳತೆ ಕೊಡುತ್ತಿದ್ದರು. ಅಣ್ಣಾ ಮಾತ್ರ ಮೂಗಿಗೆ ಅರಿವೆ ಕಟ್ಟಿಕೊಂಡು, ಗಂಟಲಿಗೆ ಜೇನು ಹಚ್ಚಿಕೊಂಡು, ಮಾತಿಲ್ಲದೆ ಹೊಲಿಯುತ್ತಿದ್ದರು. ಸಂಜೆ ಹಾಡಬೇಕಿತ್ತಲ್ಲ. ನಮ್ಮ ಕಡೆ ಆಗ ಮದುವೆಗೆ, ಗಣಪತಿಗೆ, ಕಾಲೇಜಿನ ಗ್ಯಾದರಿಂಗಿಗೆ ಎಲ್ಲದಕ್ಕೂ ಆರ್ಕೆಸ್ಟ್ರಾ ಬೇಕಿತ್ತು. ನಿಪ್ಪಾಣಿಯ ಒಂದು ಆರ್ಕೆಸ್ಟ್ರಾದಲ್ಲಿ ಅಣ್ಣಾ ಗಾಯಕರು. ಕೊರಳಲ್ಲಿ ಅಳತೆಯ ಟೇಪು ಮರೆತು ಹಾಗೆಯೇ ಸ್ಟೇಜು ಹತ್ತಿದ್ದೂ ಉಂಟು.

ಕಣ್ಣಿನಲ್ಲೇ ಜನರ ಅಳತೆ ತೆಗೆಯುವ ಚಟ ಅವರಿಗೆ. ಮೊದಲ ಸಲ ಕಂಡಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ಎಡಗೈ ಬಲಗೈಗಿಂತ ಒಂದು ಬಟ್ಟು ಉದ್ದ ಎಂದರು. ನನಗೆ ನಾಚಿಕೆಯಾಯಿತು. ಎರಡೂ ತೋಳು ಸಮ ಇರುವ ಮನುಷ್ಯನನ್ನು ತಾವು ಇನ್ನೂ ಕಂಡಿಲ್ಲವೆಂದೂ, ಅಂಥವನು ಬಂದರೆ ಅಂಗಿ ಪುಕ್ಕಟೆ ಹೊಲಿದುಕೊಡುವುದಾಗಿಯೂ ಹೇಳಿ ಸಮಾಧಾನ ಮಾಡಿದರು.

ನಾನು ಆಗ ಬಿ.ಎಸ್ಸಿ. ಓದುತ್ತಿದ್ದೆ. ಬೆಲ್‌ಬಾಟಮ್ ಪ್ಯಾಂಟಿನ ಕಾಲ ಮುಗಿದು, ಊರಿನ ಹುಡುಗರೆಲ್ಲ ಪ್ಯಾಂಟಿನ ಕೆಳಭಾಗ ಸಣ್ಣ ಮಾಡಿಸಲು ಅವರ ಅಂಗಡಿಯ ಮುಂದೆ ಸಾಲು ಹಚ್ಚಿದ್ದರು. ಆ ಸಾಲಿನಲ್ಲಿ ಮುಂಬಯಿಯಲ್ಲಿ ಓದಿ ಬಂದ ತಂಬಾಕು ವ್ಯಾಪಾರಿಯೊಬ್ಬರ ಮಗನೂ ಇದ್ದ. ಹೊಲಿಗೆ ಮುಗಿಯುವವರೆಗೆ ಕೂರಲು ಬೇಸರವೆಂದು ಟೇಪ್ ರೆಕಾರ್ಡರ್ ತಂದಿಟ್ಟು ಒಂದು ಇಂಗ್ಲಿಷ್ ಕ್ಯಾಸೆಟ್ಟು ಹಾಕಿದ. ಮೇಲಿನ ಚೀಟಿ ಕಿತ್ತುಹೋಗಿತ್ತು. ಯಾರ ಹಾಡೋ, ಯಾವ ಹಾಡೋ, ಅವನಿಗೂ ಗೊತ್ತಿರಲಿಲ್ಲ. ಅದರಲ್ಲೊಂದು ಯುಗಳಗೀತೆ ಇತ್ತು. ಗಂಡಸು ಕಲ್ಲಿನ ದಾರಿಯಲ್ಲಿ ನಡೆದು ಬಂದ ಹಾಗೆ ಒಂದೇ ಲಯದಲ್ಲಿ, ದಪ್ಪ ದನಿಯಲ್ಲಿ ಹಾಡುತ್ತಿದ್ದ. ಅವನು ನಿಂತ ಕೂಡಲೇ ಲಯವೇ ಬದಲಾಗಿ, ತೊಟ್ಟಿಲು ತೂಗಿದ ಹಾಗೆ, ಬಾವಿಯ ತಳದಿಂದ ಬಂದ ಹಾಗೆ ಹೆಂಗಸಿನ ದನಿ. ಅವಳು ಅವನಿಗೆ ಉತ್ತರ ಕೊಡುತ್ತಿದ್ದಾಳೋ, ಬೇರೆ ಯಾರಿಗೋ ಹೇಳುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಅಣ್ಣಾ ಪೆಡಲು ತುಳಿಯುವುದನ್ನು ಬಿಟ್ಟು ಕೂತರು. ಆ ಹುಡುಗ ಪ್ಯಾಂಟು ತೆಗೆದುಕೊಂಡು ಹೋದ, ಕ್ಯಾಸೆಟ್ಟು ಅಲ್ಲೇ ಉಳಿಯಿತು.

ಅವರಿಗೆ ಇಂಗ್ಲಿಷ್ ಅಂದರೆ ಚೆಸ್ಟು, ವೇಸ್ಟು, ಕಾಲರು. ಅದಕ್ಕೆ ನನ್ನನ್ನು ಕೂರಿಸಿಕೊಂಡರು. ಹಾಡನ್ನು ತಿರುಗಿಸಿ ತಿರುಗಿಸಿ ಹಾಕಿ, ಅರ್ಥ ಹೇಳು ಅಂದರು. ನನಗೆ ಒಂದೊಂದು ಶಬ್ದ ಸಿಕ್ಕಿತು, ಸಾಲುಗಳೂ ಸಿಕ್ಕವು, ಅರ್ಥ ಸಿಗಲಿಲ್ಲ. ತಲೆ ಕೆಳಗೆ ಹಾಕಿಕೊಂಡು, "ಮಾತು ತಿಳಿತಾವ ಅಣ್ಣಾ, ಏನ ಹೇಳಾಕತ್ತಾರ ಅನ್ನೂದ ತಿಳಿವಲ್ದು" ಅಂದೆ.

ಅವರು ತೊಡೆ ತಟ್ಟಿದರು. "ಅಂದ್ರ ಇಂಗ್ಲೀಷ್ ಬಂದಾವ್ಗೂ ತಿಳಿಯೂದಿಲ್ಲ. ಛಲೋ ಆತ ಬಿಡಲೇ ಬೀಎಸ್ಸಿ. ನನಗ ಒಬ್ಬನಿಗೇ ತಿಳಿವಲ್ದು ಅಂತ ಅಂಜಿದ್ದೆ."

ಅವತ್ತಿನಿಂದ ನಾನು ಅವರ ಬಾಯಲ್ಲಿ ಬೀಎಸ್ಸಿ. ಕೆಲವೇ ದಿನಗಳಲ್ಲಿ ಅದೇ ಆರ್ಕೆಸ್ಟ್ರಾದಲ್ಲಿ ನಿವೇದಕನಾದೆ. ಹಾಡುಗಳ ನಡುವೆ ಕನ್ನಡದಲ್ಲೂ ಮರಾಠಿಯಲ್ಲೂ ನಾಲ್ಕು ಮಾತಾಡಿ ಜನರನ್ನು ಕೂರಿಸುವ ಕೆಲಸ.

ಅವರು ಆ ಹಾಡಿಗೆ ತಮ್ಮದೇ ಕನ್ನಡ ಕಟ್ಟಿದರು. ಅದು ಅನುವಾದವಾಗಿರಲಿಲ್ಲ, ಆಗುವುದೂ ಸಾಧ್ಯವಿರಲಿಲ್ಲ. ಆ ಎರಡು ದನಿಗಳನ್ನು ಕೇಳಿದಾಗ ತಮಗೆ ಕಂಡದ್ದನ್ನು ಬರೆದೆ ಅನ್ನುತ್ತಿದ್ದರು. ನನಗೆ ಇನ್ನೂ ಬಾಯಿಪಾಠ ಇದೆ.

ಗಂಡು: ಬಾಗಲಾ ತೆರದೈತಿ, ಮನಿ ಎಲ್ಲಿ ಹೋತು
ಹೆಣ್ಣು: ಮನಿ ನನ್ನ ಹೆರಳಾಗ ಮಲಗೈತಿ, ಎಬಸಬ್ಯಾಡ
ಗಂಡು: ಹೊಳಿ ದಾಟಿ ಬಂದೆ, ಕಾಲ ಯಾಕ ಒಣಗ್ಯಾವ
ಹೆಣ್ಣು: ಹಸರ ಬಿಸಲಾಗ ನಾನು ಉಪ್ಪಾಗಿ ನಿಂತೇನಿ

ಹೀಗೆಯೇ ಮುಂದೆ. ಕೊನೆಕೊನೆಗೆ ಸಾಲುಗಳು ತುಂಡಾಗುತ್ತ, ಗಂಡಿನ ಎರಡು ಶಬ್ದ, ಹೆಣ್ಣಿನ ಎರಡು ಶಬ್ದ, ಆಮೇಲೆ ಒಂದೊಂದೇ ಶಬ್ದ, ಉಸಿರು ಬಿಡಲು ಜಾಗವಿಲ್ಲದ ಹಾಗೆ ಒಂದರ ಬೆನ್ನಿಗೊಂದು.

ಇದನ್ನು ಹಾಡಲು ಮಿರಜದಿಂದ ಬರುತ್ತಿದ್ದ ಗಾಯಕಿ ಒಂದು ಸಲ ಕೇಳಿ, ತನಗೆ ಇದು ಬೇಡ, ಮೈ ಜುಮ್ಮೆನ್ನುತ್ತದೆ ಎಂದು ಕೈಮುಗಿದರು. ಅಣ್ಣಾ ಎರಡೂ ದನಿಗಳನ್ನು ತಾವೇ ಹಿಡಿದರು. ಬಲಗೈಯಲ್ಲಿ ಗಂಡಿನ ಮೈಕು, ಎಡಗೈಯಲ್ಲಿ ಹೆಣ್ಣಿನ ಮೈಕು. ಹೆಣ್ಣಿನ ದನಿ ಬಾವಿಯಿಂದ ಬರಬೇಕಲ್ಲ, ಅದಕ್ಕೆ ಎಡಗೈ ಮೈಕಿಗೆ ಮಾತ್ರ ಸಾಂಗಲಿಯ ಮೆಕ್ಯಾನಿಕ್ ಒಬ್ಬನು ಜೋಡಿಸಿಕೊಟ್ಟ ಎಕೋ ಪೆಟ್ಟಿಗೆ, ಅದಕ್ಕೊಂದು ಬೇರೆ ಆಂಪ್ಲಿಫೈಯರ್. ಆಗ ಒಬ್ಬನೇ ಗಂಡು ಹೆಣ್ಣು ಎರಡೂ ಆಗುವ ಆಟ ಸ್ಟೇಜಿನಲ್ಲಿ ಹೊಸದಲ್ಲ. ಅರ್ಧ ಮೈಗೆ ಸೀರೆ, ಅರ್ಧ ಮೈಗೆ ಪ್ಯಾಂಟು ಹಾಕಿಕೊಂಡು ಆ ಕಡೆ ಈ ಕಡೆ ತಿರುಗಿ ಜನರನ್ನು ನಗಿಸುತ್ತಿದ್ದರು. ನಮ್ಮ ಆರ್ಕೆಸ್ಟ್ರಾದ ಮಾಲಕರಿಗೂ ಅದೇ ಬೇಕಿತ್ತು. ನೀನೇ ದರ್ಜಿ, ನಿನಗೇನು ಕಷ್ಟ ಅಂದರು. ಅಣ್ಣಾ ಒಪ್ಪಲಿಲ್ಲ. ಹೊಟ್ಟೆಗಾಗಿ ಊರಿಗೆಲ್ಲ ಬಟ್ಟೆ ಹೊಲಿಯುತ್ತೇನೆ, ಹಾಡಿಗೆ ಮಾತ್ರ ಹೊಲಿಯುವುದಿಲ್ಲ ಎಂದು ಬಿಳಿ ಅಂಗಿಯಲ್ಲೇ, ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ ನಿಂತು ಹಾಡಿದರು. ಮೊದಲ ಸಲ ಜನ ನಗಲು ಶುರುಮಾಡಿ ನಡುವೆ ನಿಲ್ಲಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಮೇಲೆ ಹೋದಲ್ಲೆಲ್ಲ ಅದೇ ಹಾಡು ಬೇಕೆಂದು ಚೀಟಿ ಬರತೊಡಗಿತು. ಅರ್ಥ ಕೇಳುವವರೂ ಹೆಚ್ಚಾದರು. ಅಥಣಿಯ ಒಬ್ಬ ಹವಾಲ್ದಾರರಿಗೆ ಇದರಲ್ಲಿ ಗಾಂಜಾದ ವಾಸನೆ ಬಂತು. ಶಿರಗುಪ್ಪಿಯಲ್ಲಿ ಕಬ್ಬಿನ ಕಾರ್ಖಾನೆಯ ಒಬ್ಬ ಗುಮಾಸ್ತರು ಇದು ಆತ್ಮ ಪರಮಾತ್ಮರ ಸಂವಾದವೆಂದು ಹೇಳಿ ಅಣ್ಣಾನ ಕಾಲು ಮುಟ್ಟಲು ಹೋದರು. ಐಗಳಿಯ ಒಬ್ಬ ಹುಡುಗ ಓಡಿಹೋಗಿ ಮದುವೆಯಾದವರ ಹಾಡು ಎಂದು ತೀರ್ಮಾನಿಸಿ ತನ್ನ ಮದುವೆಗೆ ಕರೆಸಿದ. ಚಿಂಚಲಿಯಲ್ಲಿ ಒಬ್ಬ ಮುದುಕಿ ಸ್ಟೇಜಿನ ಹಿಂದೆ ಬಂದು, "ನನಗ ಉಳದದ್ದ ಏನೂ ಬ್ಯಾಡ ಯಪ್ಪಾ. ಆಕಿ ಸತ್ತಾಳೋ ಅದಾಳೋ, ಅಷ್ಟ ಹೇಳು" ಅಂದಳು.

"ನನಗೂ ಹೇಳಿಲ್ಲಬೇ ಆಕಿ" ಅಂದರು ಅಣ್ಣಾ. ತಮಾಷೆಗೆ ಹೇಳಿದ್ದಲ್ಲ.

ಗಡಿಯ ಜಗಳ ಜೋರಾಗಿ, ಯಾವ ಊರಲ್ಲಿ ಯಾವ ಭಾಷೆಯ ಹಾಡು ಮೊದಲು ಎಂದು ನಾವು ಅಂಜುತ್ತ ಪಟ್ಟಿ ಮಾಡುತ್ತಿದ್ದ ದಿನಗಳವು. ಈ ಹಾಡಿಗೆ ಮಾತ್ರ ಯಾರೂ ಭಾಷೆ ಕೇಳಲಿಲ್ಲ. ಕನ್ನಡದವರಿಗೂ ಮರಾಠಿಯವರಿಗೂ ಅದು ಒಂದೇ ಸಮ ತಿಳಿಯುತ್ತಿರಲಿಲ್ಲ.

ಅಣ್ಣಾನಿಗೆ ಅರ್ಥದ ಚಿಂತೆ ಇರಲಿಲ್ಲ. ಅವರ ಚಿಂತೆ ಬೇರೆ. ಹಾಡಿಗೆ ಕೊನೆ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ಆ ಇಬ್ಬರೂ ಹಾಡುತ್ತಿರುವಾಗಲೇ ದನಿ ಕುಗ್ಗುತ್ತ ಕುಗ್ಗುತ್ತ ಇಲ್ಲವಾಗುತ್ತಿತ್ತು. ಅದನ್ನು ಸ್ಟೇಜಿನಲ್ಲಿ ಮಾಡುವುದು ಹೇಗೆ? ವಾದ್ಯಗಳನ್ನು ಸಣ್ಣಗೆ ಮಾಡಿ ನೋಡಿದೆವು, ಜನ ಮೈಕು ಕೆಟ್ಟಿತೆಂದು ಕೂಗಿದರು. ಕಡೆಗೆ ಒಂದು ಉಪಾಯ ಕಂಡುಕೊಂಡೆವು. ಒಂದೊಂದೇ ಶಬ್ದದ ಆ ಓಟ ತುದಿಗೆ ಬಂದಾಗ ನಾನು ಸ್ಟೇಜಿನ ಬದಿಯಿಂದ ನನ್ನ ಮೈಕಿನಲ್ಲಿ ಏನಾದರೂ ಜೋರಾಗಿ ಕೂಗಿ ನುಗ್ಗುವುದು. "ಸಾಕ್ರಿ, ಸಾಕು, ಇಬ್ಬರನ್ನೂ ಬಿಡಸ್ರಿ" ಎಂದೋ ಮತ್ತೇನೋ. ಜನ ನಗುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು, ಹಾಡು ಮುಗಿದಂತಾಗುತ್ತಿತ್ತು. ಪ್ರತಿ ಸಲವೂ ಅಣ್ಣಾ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದ ರೀತಿಯಿಂದ ಇದು ಅವರಿಗೆ ಸೇರುವುದಿಲ್ಲ ಎಂದು ಗೊತ್ತಾಗುತ್ತಿತ್ತು.

ಒಂದು ಸಲ ಕಾಗವಾಡದಿಂದ ಟೆಂಪೋದಲ್ಲಿ ಮರಳುವಾಗ ಹೇಳಿದರು. "ಕ್ಯಾಸೆಟ್ಟಿನ್ಯಾಗ ಅವರಿಬ್ಬರೂ ದೂರ ದೂರ ಹೋಗಿಬಿಡತಾರ. ಸ್ಟೇಜ್ ಮ್ಯಾಲ ನಾ ಎಲ್ಲಿ ಹೋಗ್ಲಿ? ಒಂದ ಸಾಲ ಬೇಕಲೇ. ಇಬ್ಬರ ಪೈಕಿ ಯಾರರೆ ಒಬ್ಬರು ಕಡೀಗೆ ಅನ್ನೂವಂಥಾದ್ದು. ಅದೊಂದ ಸಿಗವಲ್ದು."

ಹೊಲಿಯುವಾಗ ಅದನ್ನೇ ಹುಡುಕುತ್ತಿದ್ದರು. ಸಾಲುಗಳನ್ನು ಕಟ್ಟಿ, ಹಾಡಿ ನೋಡಿ, ಬಿಸಾಡುತ್ತಿದ್ದರು. ಗಿರಾಕಿಯ ಎದೆಯ ಸುತ್ತ ಟೇಪು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಆ ಮನುಷ್ಯ ಉಸಿರು ಬಿಗಿ ಹಿಡಿದು ಕಾಯುತ್ತಿದ್ದ.

ಮೈಕು ಹೊಡೆಯುವುದು ಆಗ ಎಲ್ಲ ಆರ್ಕೆಸ್ಟ್ರಾದವರಿಗೂ ಗೊತ್ತಿದ್ದ ಸಂಗತಿ. ಎರಡು ಪಿನ್ನಿನ ಪ್ಲಗ್ಗು. ಒಂದು ರೀತಿ ಹಾಕಿದರೆ ಸರಿ, ಉಲ್ಟಾ ಹಾಕಿದರೆ ಆಂಪ್ಲಿಫೈಯರಿನ ಮೈಗೂ ಮೈಕಿನ ಮೈಗೂ ಕರೆಂಟು ಬರುತ್ತಿತ್ತು. ಅದಕ್ಕೇ ಹಾಡುವವರು ಮೈಕಿಗೆ ಕರವಸ್ತ್ರ ಸುತ್ತುತ್ತಿದ್ದರು. ಅಣ್ಣಾ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಎರಡೂ ಮೈಕುಗಳನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಜುಮ್ಮೆಂದರೆ ಪ್ಲಗ್ಗನ್ನು ತಿರುಗಿಸಿ ಹಾಕಿಸುತ್ತಿದ್ದರು. ಆದರೂ ಎರಡು ಆಂಪ್ಲಿಫೈಯರಿನ ಎರಡು ಮೈಕುಗಳನ್ನು ಎರಡು ಕೈಯಲ್ಲಿ ಹಿಡಿದರೆ ಕರೆಂಟು ಒಂದು ಕೈಯಿಂದ ಎದೆ ದಾಟಿ ಇನ್ನೊಂದು ಕೈಗೆ ಹೋದೀತು ಎಂದು ನಾನು ಅವರಿಗೂ ವೈನಿಗೂ ಚಿತ್ರ ಬಿಡಿಸಿ ತೋರಿಸಿದ್ದೆ. ವೈನಿ ಗಾಬರಿಯಾದರು. ಎರಡೂ ದನಿಯನ್ನು ಒಂದೇ ಮೈಕಿನಲ್ಲಿ ಹಾಡಿರಿ ಎಂದು ಕೇಳಿಕೊಂಡರು. ಅವರು ಒಂದೇ ಮೈಕಿನಲ್ಲಿ ಹಾಡಿದರು. ಅದು ಒಬ್ಬ ಮನುಷ್ಯನ ಮಿಮಿಕ್ರಿಯಂತೆ ಕೇಳಿಸಿತು. ಮತ್ತೆ ಎರಡು ಮೈಕು. ವೈನಿ ಹಳೆಯ ಕೌದಿಯನ್ನು ಕತ್ತರಿಸಿ, ನಾಲ್ಕು ಪದರು ಇಟ್ಟು, ಮೈಕುಗಳಿಗೆ ಎರಡು ಗವಸು ಹೊಲಿದುಕೊಟ್ಟರು. ಅದರ ಮೇಲೆ ಅವರಿಗೆ ಬಹಳ ನಂಬಿಕೆ. ನನಗೂ.

ಆ ಮಧ್ಯಾಹ್ನ ಚಿಕ್ಕೋಡಿಯ ಒಂದು ಕಾಲೇಜಿನ ಗ್ಯಾದರಿಂಗ್. ಬೆಳಗಾವಿಯಿಂದ ಬರಬೇಕಾದ ಅತಿಥಿಗಳು ಬಂದಿರಲಿಲ್ಲ, ಹುಡುಗರು ಕುರ್ಚಿ ಬಡಿಯುತ್ತಿದ್ದರು. ಅವರು ಬರುವವರೆಗೆ ನಾಲ್ಕು ಹಾಡು ಆಗಲಿ ಎಂದು ಕಾಲೇಜಿನವರು ನಮಗೆ ಹೇಳಿದರು. ಅಣ್ಣಾ ಮುಟ್ಟಿ ನೋಡಿದರು, ಎಲ್ಲ ಸರಿ ಇತ್ತು, ಹಾಡುಗಳು ನಡೆದವು. ಯುಗಳಗೀತೆಯ ಸರದಿ ಬಂದಾಗ ಅತಿಥಿಗಳು ಬಂದರು. ಎಲ್ಲ ನಿಂತಿತು. ಸ್ವಾಗತ, ಹಾರ, ದೀಪ. ನಮ್ಮಲ್ಲಿ ಸ್ಟೇಜಿನ ಪೂಜೆಯ ತೆಂಗಿನಕಾಯಿಯನ್ನು ಮಾಲಕರು ಶುರುವಿಗೇ ಒಂದು ಮೂಲೆಯಲ್ಲಿ ಒಡೆದು ಮುಗಿಸುತ್ತಿದ್ದರು. ಅವತ್ತು ಅತಿಥಿಗಳ ಕೈಯಿಂದ ಇನ್ನೊಮ್ಮೆ ಒಡೆಸಬೇಕೆಂದಾಯಿತು. ಫೋಟೋ ತೆಗೆಯುವವನು ಮೂಲೆಯಲ್ಲಿ ಬೆಳಕಿಲ್ಲ, ನಡುವೆ ಬರ್ರಿ ಅಂದ. ನಡುವೆ ಎಂದರೆ ಅಣ್ಣಾನ ಮೈಕುಗಳ ಸ್ಟ್ಯಾಂಡಿನ ಬುಡ. ಕಾಯಿಯ ನೀರು ಹಲಗೆಯ ಮೇಲೆ ಹರಿಯಿತು, ತೂಗುಬಿಟ್ಟಿದ್ದ ಎಡಗಡೆಯ ಮೈಕಿಗೂ ಅದರ ಗವಸಿಗೂ ಸಿಡಿಯಿತು. ಅತಿಥಿಗಳಿಗೆ ಸೆಕೆಯಾಗುತ್ತಿತ್ತು. ಯಾರೋ ಟೇಬಲ್ ಫ್ಯಾನು ತಂದರು. ಪ್ಲಗ್ಗಿಗೆ ಜಾಗವಿರಲಿಲ್ಲವೆಂದು ಕೈಗೆ ಸಿಕ್ಕ ಒಂದು ಪ್ಲಗ್ಗು ಕಿತ್ತು ಫ್ಯಾನು ಹಚ್ಚಿದರು. ಭಾಷಣವಾದ ಮೇಲೆ ಫ್ಯಾನಿನದನ್ನು ಕಿತ್ತು ಮೊದಲಿನದನ್ನು ಚುಚ್ಚಿದರು. ಅದು ಎಕೋ ಪೆಟ್ಟಿಗೆಯ ಆಂಪ್ಲಿಫೈಯರಿನದು. ಚುಚ್ಚಿದ್ದು ಉಲ್ಟಾ. ಚುಚ್ಚಿದವರು ಯಾರೋ ಗೊತ್ತಿಲ್ಲ. ಗೊತ್ತಾದರೂ ಅವರಿಗೆ ಹೇಳುವುದೇನು? ಅತಿಥಿಗೆ ಗಾಳಿ ಬೀಸುವುದು, ದೇವರಿಗೆ ಕಾಯಿ ಒಡೆಯುವುದು, ಚಪ್ಪಲಿ ಕಳಚಿ ಸ್ಟೇಜು ಹತ್ತುವುದು, ಯಾವುದನ್ನು ತಪ್ಪು ಅನ್ನಲಿ?

ಇದೆಲ್ಲ ಆಮೇಲೆ ಜೋಡಿಸಿಕೊಂಡದ್ದು. ಆಗ ನಾನು ಸ್ಟೇಜಿನ ಬದಿಯಲ್ಲಿ ನಿಂತು ಹಾಡು ಮೆಚ್ಚಿ ಬಹುಮಾನದ ಹಣ ಕೊಟ್ಟವರ ಹೆಸರು ಓದುತ್ತಿದ್ದೆ. ಅಣ್ಣಾ ಒದ್ದೆಯಾದ ಗವಸನ್ನು ಹಿಂಡಿ ಮತ್ತೆ ಮೈಕಿಗೆ ಏರಿಸಿದ್ದನ್ನು ಡ್ರಮ್ಮಿನ ನಜೀರ ನೋಡಿದ್ದನಂತೆ. ಮತ್ತೊಮ್ಮೆ ಮುಟ್ಟಿ ನೋಡುವಷ್ಟು ಹೊತ್ತು ಯಾರೂ ಕೊಡಲಿಲ್ಲ. ಹುಡುಗರು ಹಾಡಿನ ಹೆಸರು ಹೇಳಿ ಕೂಗುತ್ತಿದ್ದರು.

ಗಂಡಿನ ಮೊದಲ ಸಾಲು ಚೆನ್ನಾಗಿ ಬಂತು. ಹೆಣ್ಣಿನ ಸಾಲಿಗೆ ಎಡ ಮೈಕು ತುಟಿಯ ಹತ್ತಿರ ತಂದಾಗ ಅವರ ಭುಜ ಸಣ್ಣಗೆ ಅದುರಿತು. ಆ ಸಾಲಿಗೆ ಅವರು ಯಾವಾಗಲೂ ಹಾಗೆ ಅದುರುತ್ತಿದ್ದರು. ಆರಂಭದಲ್ಲಿ ಒಂದು ಮೈಕು ಬಾಯಿಗೆ ಬಂದಾಗ ಇನ್ನೊಂದನ್ನು ತೊಡೆಯ ಹತ್ತಿರ ಇಳಿಬಿಟ್ಟು, ವೈರಿನಿಂದ ಹಿಡಿದುಕೊಳ್ಳುತ್ತಿದ್ದರು. ಕೊನೆಯ ಓಟದಲ್ಲಿ ಮಾತ್ರ ಎರಡನ್ನೂ ಬಿಗಿಯಾಗಿ ಹಿಡಿದು ಬಾಯಿಯ ಎರಡು ಬದಿಗೆ ತರುತ್ತಿದ್ದರು. ತಂದರು. ಗಂಡು, ಹೆಣ್ಣು, ಗಂಡು. ಆಮೇಲೆ ದನಿ ನಿಂತಿತು. ಎಲ್ಲ ಸ್ಪೀಕರುಗಳಿಂದ ಗೂಂ ಎಂದು ಒಂದು ಸಪ್ಪಳ ಎದ್ದಿತು, ಎಕೋ ಪೆಟ್ಟಿಗೆ ಅದನ್ನೇ ಹಿಡಿದು ಮತ್ತೆ ಮತ್ತೆ ತಿರುಗಿಸಿತು. ಅಣ್ಣಾ ಬಾಯಿ ತೆರೆದು ನಿಂತಿದ್ದರು. ಕಣ್ಣು ತೆರೆದಿದ್ದವು. ನಾನು ಕೂಗಿ ನುಗ್ಗುವವರೆಗೆ ಎಂದೂ ಆ ಹಾಡಿನಲ್ಲಿ ಕಣ್ಣು ತೆರೆಯದವರು.

ನನಗೆ ತಕ್ಷಣ ತಿಳಿಯಿತು. ಅದೇ ನನ್ನನ್ನು ಇನ್ನೂ ಬಿಡದೆ ಕಾಡುವುದು. ತಿಳಿಯದಿದ್ದರೆ ಓಡಿಹೋಗಿ ಹಿಡಿಯುತ್ತಿದ್ದೆ, ಇಬ್ಬರೂ ಹೋಗುತ್ತಿದ್ದೆವು, ಅಥವಾ ಇಬ್ಬರೂ ಉಳಿಯುತ್ತಿದ್ದೆವು. ಮುಟ್ಟಬಾರದೆಂದು ಓದಿದ್ದೆ. ಮೇನ್ ಸ್ವಿಚ್ಚು ಎಲ್ಲಿದೆಯೆಂದು ಗೊತ್ತಿರಲಿಲ್ಲ. ಮೈಕಿನಲ್ಲಿ ಕೂಗಿದೆ. "ಬಂದ್ ಮಾಡ್ರಿ, ಮೇನ್ ಬಂದ್ ಮಾಡ್ರಿ."

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಪ್ರತಿ ಸಲದ ಹಾಗೆ ನಾನು ಹಾಡು ಮುಗಿಸಲು ನುಗ್ಗಿದೆ ಎಂದುಕೊಂಡರು. ಮೊದಲ ಸಾಲಿನಲ್ಲಿ ಕೂತಿದ್ದ ಅತಿಥಿಗಳೂ ತಟ್ಟುತ್ತಿದ್ದರು. ಹಿಂದಿನಿಂದ ಸೀಟಿ, ವನ್ಸ್ ಮೋರ್. ನಾನು ಇನ್ನೂ ಜೋರಾಗಿ ಕೂಗಿದೆ, ಚಪ್ಪಾಳೆ ಇನ್ನೂ ಜೋರಾಯಿತು. ಕೈಬೀಸಿದೆ, ಅವರೂ ಕೈಬೀಸಿದರು. ಅಣ್ಣಾನ ಅಂಗಿಯ ತೋಳು ಗಾಳಿಯಿಲ್ಲದೆ ನಡುಗುತ್ತಿತ್ತು. ಇದು ಎಷ್ಟು ಹೊತ್ತು ನಡೆಯಿತು ಹೇಳಲಾರೆ. ನಡುನಡುವೆ ಈಗಲೂ ನಡೆಯುತ್ತದೆ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಹುಡುಗರು ಯಾತಕ್ಕೋ ಚಪ್ಪಾಳೆ ತಟ್ಟಿದರೆ ನನ್ನ ಕೈಯಿಂದ ಸೀಮೆಸುಣ್ಣ ಬೀಳುತ್ತದೆ.

ಬಿಡಿಸಿದ್ದು ನಜೀರ. ಡ್ರಮ್ಮುಗಳ ಮೇಲಿಂದಲೇ ಹಾರಿ ಬಂದು ಎರಡೂ ವೈರುಗಳನ್ನು ರಬ್ಬರಿನ ಭಾಗದಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದ. ಎಡ ಮೈಕಿನ ಬೆಸುಗೆ ಸಡಿಲವಾಗಿತ್ತು, ವೈರು ಕಿತ್ತು ಬಂತು. ಅಣ್ಣಾ ಕಡಿದ ಕಬ್ಬಿನ ಹಾಗೆ ಬಿದ್ದರು. ಆಗ ಸಭೆ ಸುಮ್ಮನಾಯಿತು.

ಚಿಕ್ಕೋಡಿಯ ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ಅವರ ಪಕ್ಕದಲ್ಲಿ ನಾನೇ ಇದ್ದೆ. ಎಡಗೈಯ ಅಂಗೈ ಸುಟ್ಟಿತ್ತು. ಏನಾಯಿತೆಂದು ಅವರು ಕೇಳಲಿಲ್ಲ. ಹಾಡು ಮುಗಿಯಿತಲ್ಲ ಅಂದರು. ಇಲ್ಲ ಅಣ್ಣಾ, ನಡುವೆಯೇ ನಿಂತಿತು ಅಂದೆ.

"ಮುಗದೈತಿ" ಅಂದರು. "ಎರಡೂ ದನಿ ಕೂಡಿ ಬಂದಿದ್ವು. ಕಡೀ ಸಾಲ ನಾ ಅಂದೇನಿ. ನನ್ನ ಕಿವೀಲೇ ಕೇಳೇನಿ. ಈಗ ನೆಪ್ಪಾಗವಲ್ದು. ನೀ ಅಲ್ಲೇ ಇದ್ದಿ, ಏನಂದೆ ಹೇಳ."

ನಾನು ನಡೆದದ್ದನ್ನು ಹೇಳಿದೆ. ಗೂಂ ಎಂಬ ಸಪ್ಪಳ ಬಿಟ್ಟರೆ ಏನೂ ಕೇಳಿಸಲಿಲ್ಲ ಎಂದೆ. ಅವರು ನನ್ನ ಕಡೆ ತಿರುಗಿ, "ಅದರ ಒಳಗ?" ಅಂದರು.

ಡಾಕ್ಟರರು ಅದು ಆಘಾತ, ಹೋಗುತ್ತದೆ ಎಂದರು. ಹೋಗಲಿಲ್ಲ. ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ, ಎದೆಯ ಬಡಿತ ಆಗಾಗ ತಪ್ಪುತ್ತಿತ್ತು. ಹೊಲಿಗೆಯೆಲ್ಲ ವೈನಿಯ ಮೇಲೆ ಬಿತ್ತು, ಅಣ್ಣಾ ಬಲಗೈಯಿಂದ ಕತ್ತರಿಸಿ ಕೊಡುತ್ತಿದ್ದರು. ಸ್ಟೇಜು ಮತ್ತೆ ಹತ್ತಲಿಲ್ಲ. ಯಾರಾದರೂ ಆ ಮಧ್ಯಾಹ್ನ ಸಭೆಯಲ್ಲಿದ್ದರೆಂದು ತಿಳಿದರೆ ಬಸ್ಸು ಹಿಡಿದು ಹೋಗಿಬಿಡುತ್ತಿದ್ದರು. ಅಥಣಿಗೆ ಹೋದರು, ಕಾಗವಾಡಕ್ಕೆ ಹೋದರು. ಅಂದಿನ ವಿದ್ಯಾರ್ಥಿಗಳು ಈಗ ಮಾಸ್ತರರಾಗಿ, ಕಂಡಕ್ಟರರಾಗಿ, ದ್ರಾಕ್ಷಿ ತೋಟದ ಒಡೆಯರಾಗಿ ಇದ್ದರು. ಹಿರಿಯರು ಬಂದಿದ್ದಾರೆಂದು ಕೂರಿಸಿ, ಚಹಾ ಕೊಟ್ಟು, ಮರುಕಕ್ಕೋ ಮರ್ಯಾದೆಗೋ ಏನೋ ಒಂದು ಸಾಲು ಹೇಳುತ್ತಿದ್ದರು. ಅಣ್ಣಾ ಅಲ್ಲೇ ಅದನ್ನು ಹಾಡಿ ನೋಡಿ, ಇದಲ್ಲ ಅನ್ನುತ್ತಿದ್ದರು. ಸಿಟ್ಟಿಲ್ಲದೆ. ಅಳತೆಗೆ ಬಾರದ ಅಂಗಿಯನ್ನು ಮಡಚಿ ಮರಳಿಸಿದ ಹಾಗೆ.

ಅಷ್ಟರಲ್ಲಿ ಟಿವಿ, ಕೇಬಲ್ಲು ಬಂದು ಆರ್ಕೆಸ್ಟ್ರಾ ಮುಳುಗಿತು. ನಜೀರ ಟೆಂಪೋ ಓಡಿಸತೊಡಗಿದ. ನಾನು ರಾಯಬಾಗಕ್ಕೆ ಬಂದೆ. ನಿಪ್ಪಾಣಿಗೆ ಹೋದಾಗಲೆಲ್ಲ ಅದೇ ಪ್ರಶ್ನೆ. ಮೊದಮೊದಲು ನನಗೆ ಅಳು ಬರುತ್ತಿತ್ತು, ನಡುವೆ ಕೆಲವು ವರ್ಷ ಸಿಟ್ಟು ಬರುತ್ತಿತ್ತು. ಆಮೇಲೆ ಹೋಗುವುದನ್ನೇ ಕಡಿಮೆ ಮಾಡಿದೆ.

ಮಳೆಗಾಲಕ್ಕೆ ಮೊದಲು ವೈನಿ ಹೇಳಿ ಕಳಿಸಿದರು. ಅಣ್ಣಾ ಹಾಸಿಗೆ ಹಿಡಿದಿದ್ದರು, ಮಿರಜದ ಡಾಕ್ಟರರು ಇನ್ನು ಕರೆತರಬೇಡಿ ಎಂದಿದ್ದರು. ನಾನು ಒಳಗೆ ಹೋಗುವ ಮುನ್ನ ವೈನಿ ಅಂಗಡಿಯ ಕಟ್ಟೆಯ ಮೇಲೆಯೇ ನಿಲ್ಲಿಸಿದರು. ಕೈಯಲ್ಲಿ ಯಾರದೋ ರವಿಕೆ, ಅದಕ್ಕೆ ಸೂಜಿ ಚುಚ್ಚಿ ಇಟ್ಟಿತ್ತು.

"ಏನರೆ ಒಂದ ಹೇಳಿಬಿಡ್ರಿ ಅವರಿಗೆ" ಅಂದರು. "ಸ್ಟೇಜ್ ಮ್ಯಾಲ ನಿಂತ ಎಷ್ಟ ಮಾತ ಹುಟ್ಟಿಸಿಲ್ಲ ನೀವು. ಒಂದ ಸಾಲ ನಿಮಗ ದೊಡ್ಡದಲ್ಲ. ನೀವ ಹೇಳಿದ್ರ ನಂಬತಾರ. ಅವ್ರು ಸಮಾಧಾನದಿಂದ ಹೋಗಲಿ."

ಆಯಿತು ಅಂದೆ. ಒಳಗೆ ಅಣ್ಣಾ ಗೋಡೆಗೆ ಒರಗಿ ಕೂತಿದ್ದರು. ನನ್ನ ಅಂಗಿಯ ಕಾಲರು ನೋಡಿ, ಯಾವ ಮಬ್ಬ ಹೊಲದಾನ ಇದನ್ನ ಅಂದರು. ಮಕ್ಕಳ ವಿಚಾರ ಕೇಳಿದರು. ಆಮೇಲೆ ಪ್ರಶ್ನೆ ಬಂತು. ನಾನು ನೆಲ ನೋಡುತ್ತ, ಇಷ್ಟು ದಿನ ಖಾತ್ರಿ ಇರಲಿಲ್ಲ, ಅದಕ್ಕೇ ಹೇಳಿರಲಿಲ್ಲ, ಸಪ್ಪಳದೊಳಗೆ ನನಗೊಂದು ಮಾತು ಕೇಳಿಸಿದ್ದು ಖರೆ ಎಂದೆ. ಬರುವಾಗ ಅಂಕಲಿ ಸೇತುವೆಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಕಟ್ಟಿದ್ದ ಸಾಲನ್ನು ಹೇಳಿದೆ. ಇದೇ ಪ್ರಶ್ನೆ ಬರುತ್ತದೆಂದು ಗೊತ್ತಿತ್ತಲ್ಲ, ವೈನಿ ಹೇಳುವ ಮೊದಲೇ ನಾನು ಕಟ್ಟಿಕೊಂಡಿದ್ದೆ.

"ಮನಿ ಎದ್ದೈತಿ, ಇನ್ನ ಬಾಗಲಾ ಮುಚ್ಚು."

ಅಣ್ಣಾ ಹಾಡಲಿಲ್ಲ. ತುಟಿಯಲ್ಲೇ ಒಂದು ಸಲ ಅಂದುಕೊಂಡರು. ಇನ್ನೊಂದು ಸಲ ಅಂದುಕೊಂಡರು. ಮುಖ ಎಷ್ಟೋ ವರ್ಷಗಳಿಂದ ನಾನು ಕಾಣದಷ್ಟು ಸಡಿಲವಾಯಿತು. ಬಾಗಿಲಲ್ಲಿ ನಿಂತ ವೈನಿ ಸೆರಗು ಬಾಯಿಗೆ ಹಿಡಿದಿದ್ದರು.

"ಯಾ ದನ್ಯಾಗ ಅಂದೆ?" ಎಂದು ಕೇಳಿದರು ಅಣ್ಣಾ.

"ಗಂಡ ದನ್ಯಾಗ" ಅಂದೆ ನಾನು. ಅದೇ ಗಳಿಗೆಗೆ ಬಾಗಿಲಿನಿಂದ ವೈನಿ, "ಹೆಣ್ಣ ದನ್ಯಾಗ" ಅಂದರು.

ವೈನಿ ಆ ದಿನ ಚಿಕ್ಕೋಡಿಗೆ ಬಂದೇ ಇರಲಿಲ್ಲ, ಅದು ಅಣ್ಣಾನಿಗೂ ಗೊತ್ತಿತ್ತು. ಅಣ್ಣಾ ಮೊದಲು ಆಕೆಯನ್ನು ನೋಡಿದರು, ಆಮೇಲೆ ನನ್ನನ್ನು. ಹೊರಗೆ ಯಾರೋ ಗಿರಾಕಿ ಕರೆಯುತ್ತಿದ್ದರು.

"ಬೀಎಸ್ಸಿ ದಣದ ಬಂದಾನ" ಅಂದರು ಕಡೆಗೆ, ಹೆಂಡತಿಗೆ. "ಚಾ ಮಾಡ."

ಅದಾದ ಮೇಲೆ ಎರಡು ಸಲ ಹೋದೆ. ಹೋದಾಗಲೆಲ್ಲ ಅವರ ಹಾಸಿಗೆಯ ಪಕ್ಕದಲ್ಲಿ ಬೇಕೆಂದೇ ಬಹಳ ಹೊತ್ತು ಕೂತೆ. ಮಳೆಯ ಮಾತಾಡಿದರು, ನಜೀರನ ಟೆಂಪೋದ ಮಾತಾಡಿದರು, ನನ್ನ ಕಾಲರನ್ನು ಬಿಚ್ಚಿಸಿ ವೈನಿಯ ಕೈಯಲ್ಲಿ ಸರಿಮಾಡಿಸಿ ಕೊಟ್ಟರು. ಕೇಳಲಿ, ಆ ಸಾಲು ಏನೆಂದು ಇನ್ನೊಮ್ಮೆ ಕೇಳಲಿ ಎಂದು ನಾನು ಕಾದೆ. ಅವರು ಕೇಳಲಿಲ್ಲ.